ಮನುಷ್ಯರ ಗಮನಕ್ಕೆ

ಪೀಣ್ಯ ಎರಡನೇ ಹಂತ, ನಮ್ಮ ವಾಲ್ವ್ ಕಾರ್ಖಾನೆಯಲ್ಲಿ
ಯುಗಾದಿಯ ಮಾರನೇ ದಿನ ಒಬ್ಬ ಹೊಸಬ ಸೇರಿದ.
ಕುರ್ಚಿ ಕೇಳಲಿಲ್ಲ, ಪಿ.ಎಫ್. ಕೇಳಲಿಲ್ಲ,
ಹತ್ತೂವರೆ ಚಹಾದ ಲೆಕ್ಕಕ್ಕೂ ಬರಲಿಲ್ಲ.
ಅವನಿಗೆ, ಅಥವಾ ಅದಕ್ಕೆ, ಕೊಟ್ಟದ್ದು
ಸ್ವಂತದ್ದೊಂದು ಮೇಲ್ ವಿಳಾಸ:
ಖರೀದಿ, ಆಮೇಲೆ ಆ ಸುರುಳಿ ಚಿಹ್ನೆ,
ಆಮೇಲೆ ನಮ್ಮ ಕಂಪನಿಯ ಹೆಸರು.

"ಕಾತ್ಯಾಯಿನಿ, ನಿಯಮ ನೀವೇ ಹೇಳಿಕೊಡಿ,
ಹದಿನೇಳು ವರ್ಷ ಕಾಗದ ನೋಡಿದವರು," ಅಂದರು ಏಕಾಂಬರಂ ಸಾರ್.
ಹೇಳಿಕೊಟ್ಟೆ.
ದರಪಟ್ಟಿ ಬಂದರೆ ಹಳೆಯ ದರದ ಪಕ್ಕ ಇಡು.
ಬಿಲ್ಲಿನಲ್ಲಿ ಜಿ.ಎಸ್.ಟಿ. ತಪ್ಪಿದ್ದರೆ ವಾಪಸು ಕಳಿಸು, ಮರ್ಯಾದೆಯಿಂದ.
ಮಾರ್ಚ್‌ನಲ್ಲಿ ಯಾರು ಅವಸರ ಮಾಡಿದರೂ ನಂಬಬೇಡ.
ಬಿಲ್ ನಂಬರೂ ಇಲ್ಲ, ಆರ್ಡರ್ ನಂಬರೂ ಇಲ್ಲದ್ದು ಬಂದರೆ
ಒಂದು ಮೂಲೆಗೆ ಎತ್ತಿಡು. ಆ ಮೂಲೆಗೆ ಹೆಸರು
'ಮನುಷ್ಯರ ಗಮನಕ್ಕೆ'.

ಎರಡನೇ ಪಾಳಿಯ ಲೇತುಗಳು ನಿಂತ ಮೇಲೂ ಅದು ಬರೆಯುತ್ತಿತ್ತು.
ಬೊಮ್ಮಸಂದ್ರದ ಎರಕದವರಲ್ಲೂ ಇಂಥದೇ ಒಂದು ಇದೆಯಂತೆ;
ಎರಡೂ ಸೇರಿ ರಾತ್ರಿ ಎರಡೂಕಾಲಿಗೆ
ಕಿಲೋಗೆ ನಲವತ್ತು ಪೈಸೆಗಾಗಿ
'ಮಾನ್ಯರೇ', 'ತಮ್ಮ ವಿಶ್ವಾಸಿ', ಇಪ್ಪತ್ತಾರು ಪತ್ರ.
ಬೆಳಿಗ್ಗೆ ಓದಿದರೆ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.
ಜಗಳವಾಡದೆ ನಲವತ್ತು ಪೈಸೆ ಉಳಿಸಿದವರನ್ನು
ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಜೂನ್ ಕೊನೆ, ಮೂರು ತಿಂಗಳ ಲೆಕ್ಕ ಹೊಂದಿಸುತ್ತಾ
ಎತ್ತಿಟ್ಟ ಮೂಲೆ ತೆರೆದೆ.
ಲಾಟರಿ ಗೆದ್ದಿದ್ದೀರಿ ಎನ್ನುವವರು ನಾಲ್ವರು.
ನೀರಿನ ಟ್ಯಾಂಕರಿನ ಜಾಹೀರಾತು.
ಅದರ ಕೆಳಗೆ ಎಸ್.ಜೆ.ಪಿ. ರಸ್ತೆಯ ಗ್ಯಾಸ್ಕೆಟ್ ಅಂಗಡಿ
ದಸ್ತಗೀರ್ ಸಾಬರದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:

"ಖರೀದಿ ಸಾರ್, ನಮಸ್ಕಾರ. ನಿಮ್ಮ ಮುಖ ನೋಡಿಲ್ಲ.
ಬಿಲ್ ಹಾಕಿದ ಮೂರನೇ ದಿನ ದುಡ್ಡು ಹಾಕ್ತೀರಿ,
ಮೂವತ್ತು ವರ್ಷದ ವ್ಯಾಪಾರದಲ್ಲಿ ಅದನ್ನೂ ನೋಡಿರಲಿಲ್ಲ.
ರಾತ್ರಿ ಎರಡಕ್ಕೂ ಉತ್ತರ ಬರೀತೀರಿ. ನಿದ್ದೆ ಮಾಡಿ ಸಾರ್, ಬಿ.ಪಿ. ಬರತ್ತೆ.
ಕಿರಿ ಮಗಳು ಶಬೀನಾ ನಿಕಾಹ್, ಹದಿನೈದನೇ ತಾರೀಕು ಭಾನುವಾರ,
ಟ್ಯಾನರಿ ರಸ್ತೆ, ಶಾದಿ ಮಹಲ್.
ಮನೆಯವರನ್ನೂ ಕರಕೊಂಡು ಬರಬೇಕು.
ನೀವು ವೆಜ್ ಆದರೆ ಬೇರೆ ಪಂಕ್ತಿ ಇದೆ."

ಕೆಳಗೆ ನಮ್ಮ ಹೊಸಬನ ಷರಾ:
ಬಿಲ್ ಸಂಖ್ಯೆ ಇಲ್ಲ. ಮೊತ್ತ ಇಲ್ಲ. ದಿನಾಂಕ ಇದೆ.
ಎತ್ತಿಡಲಾಗಿದೆ.

ತಪ್ಪು ಅದರದಲ್ಲ. ಹೇಳಿದಷ್ಟು ಮಾಡಿದೆ.
ಮನುಷ್ಯರು ಅಂದರೆ ಇಲ್ಲಿ ನಾನೇ;
ದಿನಾ ನೋಡು ಅಂತ ನನಗೆ ಯಾರೂ ನಿಯಮ ಬರೆದಿರಲಿಲ್ಲ.
ಅವತ್ತೇ ಒಂದು ಸಾಲು ಸೇರಿಸಿದೆ:
ಇಂಥದು ಬಂದರೆ ಆ ಕ್ಷಣವೇ ನನ್ನ ಫೋನಿಗೆ ತಳ್ಳು.

ಶನಿವಾರ ಅರ್ಧ ದಿನ. ಐನೂರೊಂದು ರೂಪಾಯಿಯ ಕವರು ಹಿಡಿದು
ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿದೆ.
ಕವರಿನ ಮೇಲೆ ಯಾರ ಹೆಸರು?
ಮಹಾಲಕ್ಷ್ಮಿ ಬರುವವರೆಗೆ ಪೆನ್ನು ಹಿಡಿದೇ ಕೂತು
ಕೊನೆಗೆ 'ಖರೀದಿ' ಎಂದಷ್ಟೇ ಬರೆದೆ.

ದಸ್ತಗೀರ್ ಸಾಬರು ಕಾರ್ಕ್ ಹಾಳೆಯಲ್ಲಿ ಉಂಗುರ ಕತ್ತರಿಸುತ್ತಿದ್ದರು.
"ಅವರು ಯಾಕಮ್ಮ ಬರಲಿಲ್ಲ? ಕೊನೇ ಪಂಕ್ತಿವರೆಗೂ ಬಾಗಿಲು ನೋಡಿದೆ.
ಬಂದ್ರೂ ಗುರುತು ಹಿಡಿಯೋದು ಹೇಗೆ ಅಂತ ಅದೊಂದು ಚಿಂತೆ."
ನಿಜ ಹೇಳಬಹುದಿತ್ತು. ಬಾಯಿಗೆ ಬಂದದ್ದು,
"ಅವರು ಎಲ್ಲೂ ಹೋಗೋದಿಲ್ಲ."
"ಅಯ್ಯೋ. ಕಾಲಿಗೇನಾದ್ರೂ...?"
ಕತ್ತರಿ ಕೆಳಗಿಟ್ಟರು. ಹುಡುಗನನ್ನು ಓಡಿಸಿ
ಅರ್ಧ ಕಿಲೋ ಖೋವಾ ಸಿಹಿ ತರಿಸಿದರು.
"ಅವರಿಗೆ ಕೊಡಿ. ಶುಗರ್ ಇದ್ರೆ ನೀವು ತಿನ್ನಿ."

ವಾಪಸು ರೈಲಿನಲ್ಲಿ ಮಡಿಲ ಮೇಲೆ ಡಬ್ಬಿ.
ಯಶವಂತಪುರ ದಾಟುವಾಗ ಒಂದು ತುಂಡು ಬಾಯಿಗಿಟ್ಟು
ಆ ವಿಳಾಸಕ್ಕೆ ಬರೆದೆ:
ದಸ್ತಗೀರ್ ಸಾಬರು ಸಿಹಿ ಕೊಟ್ಟಿದ್ದಾರೆ. ನಿನಗೆ.

ತುಂಡು ಇನ್ನೂ ಕರಗಿರಲಿಲ್ಲ:
ಮಾನ್ಯರೇ, ತಮ್ಮ ಪತ್ರ ತಲುಪಿದೆ.
ಬಿಲ್ ಸಂಖ್ಯೆ ಇಲ್ಲದ ಕಾರಣ
ಮನುಷ್ಯರ ಗಮನಕ್ಕೆ ಕಳಿಸಲಾಗಿದೆ.

ಫೋನು ಮತ್ತೊಮ್ಮೆ ನಡುಗಿತು.
ಬೆರಳು ಅಂಟಂಟು; ಸೆರಗಿಗೆ ಒರೆಸಿಕೊಂಡು ತೆರೆದೆ.